ಹಿಮಸಾರಂಗದಿಂದ ಯೂನಿಕಾರ್ನ್‌ವರೆಗೆ: ಹಳೆಯ ಅನಿಮೇಷನ್ ಚಿತ್ರಗಳನ್ನು ನೋಡುವ ಬಗೆ

ಡಿಸೆಂಬರ್ ಬಂತೆಂದರೆ ಅಮೆರಿಕದ ಟಿವಿಯಲ್ಲಿ ಕೆಲವು ಅನಿಮೇಷನ್ ಚಿತ್ರಗಳು ಅರವತ್ತು ವರ್ಷಗಳಿಂದ ತಪ್ಪದೆ ಮರಳಿ ಬರುತ್ತಿವೆ. ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫ್, ಹಬ್ಬದ ದಿನವೂ ಮನಸ್ಸು ಅರಳದ ಹುಡುಗ ಚಾರ್ಲಿ ಬ್ರೌನ್, ಊರಿನ ಹಬ್ಬವನ್ನೇ ಕದಿಯಲು ಹೊರಡುವ ಗ್ರಿಂಚ್, ಇವರೆಲ್ಲ ಅಲ್ಲಿಯ ಮನೆಗಳಿಗೆ ವರ್ಷಕ್ಕೊಮ್ಮೆ ಬರುವ ನೆಂಟರು. ಅಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳಿಗೂ ಇವರು ಚೆನ್ನಾಗಿ ಗೊತ್ತು. ಆದರೆ ಈ ಚಿತ್ರಗಳನ್ನು ದೊಡ್ಡವರಾದ ಮೇಲೆ ಮೊದಲ ಬಾರಿಗೆ ನೋಡುವವರಿಗೆ, ಅದರಲ್ಲೂ ಕಂಪ್ಯೂಟರ್ ಅನಿಮೇಷನ್‌ನ ನುಣುಪಿಗೆ ಕಣ್ಣು ಒಗ್ಗಿರುವವರಿಗೆ, ಮೊದಲ ಹತ್ತು ನಿಮಿಷ ಕಷ್ಟವೆನಿಸುತ್ತದೆ. ಗೊಂಬೆಗಳು ತಡೆದು ತಡೆದು ನಡೆಯುತ್ತವೆ, ಹಿಮ ಹತ್ತಿಯಂತೆ ಕಾಣುತ್ತದೆ, ಕಥೆ ಯಾವ ಅವಸರವೂ ಇಲ್ಲದೆ ಹಾಡಿನಿಂದ ಹಾಡಿಗೆ ಸಾಗುತ್ತದೆ. ಈ ಕಷ್ಟವನ್ನು ದಾಟಲು ನನಗೆ ನೆರವಾದ ಉಪಾಯವೊಂದಿದೆ: ಚಿತ್ರ ಮಾಡಿದವರಿಗೆ ಯಾವ ಕಟ್ಟುಪಾಡುಗಳಿದ್ದವು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು, ಆಮೇಲೆ ಆ ಕಟ್ಟುಪಾಡುಗಳ ನಡುವೆಯೂ ಅವರು ಯಾವುದನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ಹುಡುಕಬೇಕು. ಹಬ್ಬದ ಚಿತ್ರಗಳಿಗೂ, ಅವನ್ನು ಮಾಡಿದ ಕೈಗಳೇ ಮುಂದೆ ಮಾಡಿದ, ಮಾಯಾಲೋಕದ ಕಾದಂಬರಿಗಳ ರೂಪಾಂತರಗಳಿಗೂ ಈ ಉಪಾಯ ಸಮನಾಗಿ ಒದಗುತ್ತದೆ.

ನೋಡುವ ಮುನ್ನ

1960ರ ದಶಕದ ಅಮೆರಿಕದಲ್ಲಿ ದೊಡ್ಡ ಟಿವಿ ಜಾಲಗಳು ಇದ್ದದ್ದು ಮೂರೇ. ಮನೆಯಲ್ಲಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ಅನುಕೂಲ ಜನಸಾಮಾನ್ಯರಿಗೆ ಇರಲಿಲ್ಲ. ಹಬ್ಬದ ಚಿತ್ರ ಒಂದು ಸಂಜೆ ಪ್ರಸಾರವಾಗುತ್ತಿತ್ತು. ಆ ಸಂಜೆ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕಾಗಿತ್ತು. 1987-88ರಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದ ರಾಮಾಯಣಕ್ಕಾಗಿ ಬೀದಿಗಳೇ ಖಾಲಿಯಾಗುತ್ತಿದ್ದುದನ್ನು ಕಂಡ ಕನ್ನಡಿಗರಿಗೆ ಇಂತಹ ಕಾಯುವಿಕೆಯ ಸವಿಯನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ ಸರಳವಾದದ್ದು. ಈ ಚಿತ್ರಗಳನ್ನು ಒಂದೇ ರಾತ್ರಿ ಸಾಲಾಗಿ ನೋಡಿ ಮುಗಿಸಬೇಡಿ. ಒಂದು ಸಂಜೆಗೆ ಒಂದು ಚಿತ್ರವನ್ನು ಇಟ್ಟುಕೊಳ್ಳಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡಿ, ಮುಂದಿನ ವರ್ಷ ಅದೇ ದಿನಗಳಲ್ಲಿ ಅದನ್ನೇ ಮತ್ತೆ ನೋಡಿ. ಇವು ಮರಳಿ ಮರಳಿ ನೋಡುವುದಕ್ಕೆಂದೇ ಬಾಳಿ ಬಂದ ಚಿತ್ರಗಳು, ಮೊದಲ ನೋಟದಲ್ಲಿ ಅವುಗಳ ಅರ್ಧ ಮಾತ್ರ ದಕ್ಕುತ್ತದೆ.

ಇನ್ನೊಂದು ಕಟ್ಟುಪಾಡು ಗಡಿಯಾರದ್ದು. ಅರ್ಧ ಗಂಟೆಯ ಪ್ರಸಾರವೆಂದರೆ ಜಾಹೀರಾತು ಕಳೆದು ಸುಮಾರು 25 ನಿಮಿಷ, ಒಂದು ಗಂಟೆಯದ್ದಾದರೆ ಸುಮಾರು 50 ನಿಮಿಷ. ಜಾಹೀರಾತು ಬರುವ ಹೊತ್ತಿಗೆ ನೋಡುಗರು ಎದ್ದು ಹೋಗದಂತೆ ಕಥೆಯಲ್ಲಿ ಒಂದು ಗಂಟು ಬೀಳಲೇಬೇಕಾಗಿತ್ತು. ಇಂದು ಜಾಹೀರಾತಿಲ್ಲದೆ ನೋಡುವಾಗ ಸಂಗೀತ ಏರಿ, ತೆರೆ ಕಪ್ಪಾಗಿ, ಕಥೆ ತಟ್ಟನೆ ಮುಂದಕ್ಕೆ ಜಿಗಿದಂತೆ ಕಾಣುವ ಜಾಗಗಳು ಇವೇ. ಅಲ್ಲಿ ಅರ್ಧ ನಿಮಿಷ ಚಿತ್ರವನ್ನು ನಿಲ್ಲಿಸಿ ನೋಡಿದರೆ ಕಥೆಯ ಉಸಿರಾಟ ಸರಿಹೋಗುತ್ತದೆ. ಹವೆಯ ಬಗೆಗೂ ಒಂದು ಮಾತು ಹೇಳಬೇಕು. ಉತ್ತರದ ದೇಶಗಳಲ್ಲಿ ಡಿಸೆಂಬರ್ ಎಂದರೆ ಮಧ್ಯಾಹ್ನ ಕಳೆಯುತ್ತಿದ್ದಂತೆಯೇ ಕತ್ತಲಾಗುವ, ಮನೆಯಿಂದ ಹೊರಗೆ ಉಳಿದವರ ಜೀವಕ್ಕೇ ಅಪಾಯವಿರುವ ತಿಂಗಳು. ಈ ಚಿತ್ರಗಳಲ್ಲಿ ಕಿಟಕಿಯೊಳಗಿನ ಹಳದಿ ಬೆಳಕಿಗೆ ಅಷ್ಟು ಮಹತ್ವ ಬಂದಿರುವುದೂ, ಗುಂಪಿನಿಂದ ಹೊರದಬ್ಬಿಸಿಕೊಂಡವರ ಕಥೆಗಳು ಅಷ್ಟು ನೋಯಿಸುವುದೂ ಈ ಚಳಿಯಿಂದಾಗಿಯೇ.

ರುಡಾಲ್ಫ್: ಬೆರಳಿನ ಗುರುತನ್ನು ನೋಡುವುದು

ಕಲಿಯುವುದಕ್ಕೆ ಅತ್ಯುತ್ತಮ ಚಿತ್ರ, 1964ರ ಡಿಸೆಂಬರ್ 6ರಂದು ಎನ್‌ಬಿಸಿಯಲ್ಲಿ ಮೊದಲು ಪ್ರಸಾರವಾದ ‘ರುಡಾಲ್ಫ್ ದ ರೆಡ್-ನೋಸ್ಡ್ ರೇನ್‌ಡಿಯರ್’. ಇದರ ಹುಟ್ಟೇ ಒಂದು ಪಾಠ. 1939ರಲ್ಲಿ ಮಾಂಟ್‌ಗೊಮೆರಿ ವಾರ್ಡ್ ಎಂಬ ಅಂಗಡಿ ಸಂಸ್ಥೆ, ಹಬ್ಬಕ್ಕೆ ಬರುವ ಮಕ್ಕಳಿಗೆ ಉಚಿತವಾಗಿ ಹಂಚಲು ತನ್ನ ಜಾಹೀರಾತು ಬರಹಗಾರ ರಾಬರ್ಟ್ ಮೇ ಅವರಿಂದ ಒಂದು ಪದ್ಯಕಥೆಯನ್ನು ಬರೆಸಿತು. ಹತ್ತು ವರ್ಷಗಳ ಬಳಿಕ ಅವರ ಭಾವ-ಮೈದುನ ನಂಟಿನ ಜಾನಿ ಮಾರ್ಕ್ಸ್ ಅದನ್ನು ಹಾಡಾಗಿಸಿದರು, ಜೀನ್ ಆಟ್ರಿ ಹಾಡಿದರು, ಅದು ಮನೆಮಾತಾಯಿತು. ಚಿತ್ರಕಥೆಗಾರ ರೋಮಿಯೊ ಮುಲ್ಲರ್ ಅವರ ಕೈಗೆ ಸಿಕ್ಕದ್ದು ಮೂರು ನಿಮಿಷಗಳ ಈ ಹಾಡು. ತುಂಬಿಸಬೇಕಾಗಿದ್ದದ್ದು ಒಂದು ಗಂಟೆಯ ಪ್ರಸಾರ. ಅವರು ಸಾಂಟಾನಿಗೆ ಆಟಿಕೆ ಮಾಡಿಕೊಡುವ ಕುಬ್ಜರಲ್ಲೊಬ್ಬನಾದ, ಆದರೆ ದಂತವೈದ್ಯನಾಗಬಯಸುವ ಹರ್ಮಿ ಎಂಬ ಎಲ್ಫ್‌ನನ್ನು ಸೃಷ್ಟಿಸಿದರು, ಬೆಳ್ಳಿಬಂಗಾರ ಹುಡುಕುತ್ತ ಅಲೆಯುವ ಯೂಕಾನ್ ಕಾರ್ನೀಲಿಯಸ್‌ನನ್ನು ತಂದರು, ಯಾರಿಗೂ ಬೇಡವಾದ ಆಟಿಕೆಗಳ ದ್ವೀಪವೊಂದನ್ನು ಕಟ್ಟಿದರು. ಹಾಡಿನಲ್ಲಿ ಒಂದೇ ಪ್ರಾಣಿಗೆ ಆಗುವ ಅವಮಾನ ಇಲ್ಲಿ ಚೌಕ ಚಕ್ರಗಳ ರೈಲಿನವರೆಗೆ ಹರಡಿಕೊಳ್ಳುತ್ತದೆ. ನೋಡುವಾಗ ಪ್ರತಿ ಹೊಸ ಪಾತ್ರ ಬಂದಾಗಲೂ ‘ಇವನು ಎಲ್ಲಿಂದ ಹೊರಬಿದ್ದವನು’ ಎಂದು ಕೇಳಿಕೊಳ್ಳಿ. ಕಥೆಯ ಹೆಣಿಗೆ ಆಗ ತಾನಾಗಿ ತೋರುತ್ತದೆ.

ಇನ್ನು ಗೊಂಬೆಗಳು. ನಿರ್ಮಾಪಕರಾದ ಆರ್ಥರ್ ರ‍್ಯಾಂಕಿನ್ ಮತ್ತು ಜೂಲ್ಸ್ ಬಾಸ್ ಅವರ ಸಂಸ್ಥೆ ಇದ್ದದ್ದು ನ್ಯೂಯಾರ್ಕ್‌ನಲ್ಲಿ, ಕಂಠದಾನ ನಡೆದದ್ದು ಹೆಚ್ಚಾಗಿ ಕೆನಡಾದ ಟೊರಾಂಟೊದಲ್ಲಿ, ಗೊಂಬೆಗಳು ಕುಣಿದದ್ದು ಟೋಕಿಯೊದಲ್ಲಿ, ತದಾಹಿತೊ ಮೊಚಿನಾಗ ಅವರ ಕಾರ್ಯಾಗಾರದಲ್ಲಿ. ತಮ್ಮದಲ್ಲದ ಭಾಷೆಯ, ತಮ್ಮದಲ್ಲದ ಹಬ್ಬದ ಹಾಡುಗಳಿಗೆ ಜಪಾನಿನ ಆ ಕುಶಲಿಗಳು ಒಂದೊಂದು ಭಂಗಿಯನ್ನೂ ಕೈಯಿಂದ ಕೂರಿಸಿ, ಚಿತ್ರ ತೆಗೆದು, ಗೊಂಬೆಯನ್ನು ಮತ್ತೆ ತುಸು ಕದಲಿಸುತ್ತ ಹೋದರು. ಸಿನಿಮಾ ಒಂದು ಸೆಕೆಂಡಿಗೆ 24 ಚೌಕಟ್ಟುಗಳ, ಅಂದರೆ 24 ಬಿಡಿ ಚಿತ್ರಗಳ, ವೇಗದಲ್ಲಿ ಓಡುತ್ತದೆ. ಒಂದು ಭಂಗಿಗೆ ಎರಡು ಚೌಕಟ್ಟು ಎಂಬ ರೂಢಿಯ ಲೆಕ್ಕ ಹಿಡಿದರೂ 50 ನಿಮಿಷಕ್ಕೆ 36,000 ಭಂಗಿಗಳಾಗುತ್ತವೆ. ಈ ಲೆಕ್ಕ ಮನಸ್ಸಿನಲ್ಲಿ ಕೂತ ಮೇಲೆ ಮೊದಲು ಕುಂದಾಗಿ ಕಂಡದ್ದೇ ಬೇರೆಯಾಗಿ ಕಾಣತೊಡಗುತ್ತದೆ. ತಡೆದು ತಡೆದು ಸಾಗುವ ನಡಿಗೆಯಲ್ಲಿ ಕೈ ಬಿಟ್ಟು ಹಿಡಿದ ಗುರುತಿದೆ. ತುಪ್ಪಳದ ಮೈಯ ಗೊಂಬೆಗಳಲ್ಲಿ ಕೂದಲು ಗಾಳಿಯಿಲ್ಲದೆಯೂ ನವಿರಾಗಿ ಮಿಸುಕುತ್ತದೆ. ಅದು ಎರಡು ಚೌಕಟ್ಟುಗಳ ನಡುವೆ ತಾಕಿದ ಬೆರಳು. ನೆರಳುಗಳಂತೂ ನಿಜವಾದ ವಸ್ತುವಿನ ಮೇಲೆ ನಿಜವಾದ ದೀಪ ಬಿದ್ದು ಆದ ನೆರಳುಗಳು. ಸುಮಾರು ಆರು ಅಂಗುಲದ ಆ ರುಡಾಲ್ಫ್ ಗೊಂಬೆಯೂ ಸಾಂಟಾ ಗೊಂಬೆಯೂ ಉಳಿದುಬಂದಿವೆ. 2020ರಲ್ಲಿ ಹರಾಜಾದಾಗ ಎರಡಕ್ಕೂ ಸೇರಿ 3,68,000 ಡಾಲರ್ ಬಂತು.

ಎರಡನೆಯ ಬಾರಿ ನೋಡುವಾಗ ಒಂದು ಕೆಲಸ ಮಾಡಿ: ಮಾತನಾಡುತ್ತಿರುವ ಗೊಂಬೆಯನ್ನು ಬಿಟ್ಟು, ಪಕ್ಕದಲ್ಲಿ ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಿರುವ ಗೊಂಬೆಯನ್ನು ನೋಡಿ. ಸುಮ್ಮನಿರುವ ಗೊಂಬೆಗೂ ಯಾರೋ ಒಬ್ಬರು ಕಣ್ಣು ಮಿಟುಕಿಸಿದ್ದಾರೆ, ತಲೆ ಓರೆ ಮಾಡಿಸಿದ್ದಾರೆ. ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಪ್ರೀತಿ ಹುಟ್ಟಿಸಿದ್ದು ಈ ಕೇಳುವ ಗೊಂಬೆಗಳೇ.

ಇದೇ ಚಿತ್ರದಲ್ಲಿ ಇಂದಿನವರಿಗೆ ಒಪ್ಪಿಗೆಯಾಗದ ಸಂಗತಿಗಳೂ ಇವೆ. ಮಗನ ಮೂಗನ್ನು ಮುಚ್ಚಿಡುವ ತಂದೆ, ಹುಡುಕಲು ಹೊರಡುವುದು ಗಂಡಸಿನ ಕೆಲಸವೆಂದು ತಾಯಿಯನ್ನು ತಡೆಯುವ ಮಾತು, ಸಾಂಟಾನ ಬಂಡಿಗೆ ದಾರಿ ಬೆಳಗಲು ಕೆಂಪು ಮೂಗು ಉಪಯೋಗಕ್ಕೆ ಬಂದ ಮೇಲಷ್ಟೇ ಎಲ್ಲರೂ ತೋರುವ ಅಕ್ಕರೆ. ಮಕ್ಕಳೊಡನೆ ನೋಡುವವರು ಇವನ್ನು ಬಚ್ಚಿಡಬೇಕಾಗಿಲ್ಲ. ‘ಮೂಗು ಬೆಳಗದಿದ್ದರೆ ಅವನನ್ನು ಯಾರಾದರೂ ಕರೆಯುತ್ತಿದ್ದರೇ’ ಎಂದು ಮಕ್ಕಳನ್ನೇ ಕೇಳಬೇಕು. ಈ ಪ್ರಶ್ನೆ ಚಿತ್ರದ ಮೇಲೆ ನಾವು ಹೊರಿಸುವಂಥದ್ದಲ್ಲ. ಮೊದಲ ಪ್ರಸಾರದ ಬಳಿಕ, ದ್ವೀಪದಲ್ಲಿ ಉಳಿದ ಆಟಿಕೆಗಳ ಗತಿ ಏನಾಯಿತೆಂದು ನೋಡುಗರೇ ಪತ್ರ ಬರೆದು ಕೇಳಿದರು. 1965ರಲ್ಲಿ ಸಾಂಟಾ ಅಲ್ಲಿಗೆ ಹೋಗುವ ದೃಶ್ಯವನ್ನು ಸೇರಿಸಲಾಯಿತು.

ಚಾರ್ಲಿ ಬ್ರೌನ್: ಮೌನವನ್ನು ಕೇಳುವುದು

1965ರ ಡಿಸೆಂಬರ್ 9ರಂದು ಸಿಬಿಎಸ್‌ನಲ್ಲಿ ಬಂದ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಚಿತ್ರವನ್ನು ಕಿವಿಯಿಂದ ಆರಂಭಿಸುವುದು ಒಳ್ಳೆಯದು. ಚಾರ್ಲ್ಸ್ ಶುಲ್ಜ್ ಅವರ ಪತ್ರಿಕಾ ಚಿತ್ರಮಾಲೆಯಿಂದ ಹುಟ್ಟಿದ ಈ ಚಿತ್ರದಲ್ಲಿ ಮಕ್ಕಳ ಪಾತ್ರಗಳಿಗೆ ಮಕ್ಕಳೇ ದನಿ ಕೊಟ್ಟರು. ಓದಲು ಬಾರದಷ್ಟು ಚಿಕ್ಕವರಿಗೆ ಮಾತುಗಳನ್ನು ತುಂಡು ತುಂಡಾಗಿ ಹೇಳಿಕೊಟ್ಟು ಮುದ್ರಿಸಲಾಯಿತು. ಮಾತಿನ ನಡುವೆ ಅಲ್ಲಲ್ಲಿ ಕೇಳುವ ವಿಚಿತ್ರವಾದ ತಡೆಗಳು ಹಾಗೆ ಬಂದವು. ಆ ಕಾಲದ ಹಾಸ್ಯ ಕಾರ್ಯಕ್ರಮಗಳಲ್ಲೆಲ್ಲ ಹಿನ್ನೆಲೆಯಲ್ಲಿ ನಗುವಿನ ಸದ್ದನ್ನು ಸೇರಿಸುವ ರೂಢಿಯಿತ್ತು. ಶುಲ್ಜ್ ಅದನ್ನು ಒಪ್ಪಲಿಲ್ಲ. ಸಂಗೀತಕ್ಕೆ ವಿನ್ಸ್ ಗ್ವರಾಲ್ಡಿ ಅವರ ಜಾಝ್ ಪಿಯಾನೊ. ಚಿತ್ರವನ್ನು ಮೊದಲು ನೋಡಿದ ವಾಹಿನಿಯ ಅಧಿಕಾರಿಗಳಿಗೆ ಇದು ತೀರ ನಿಧಾನವೆನಿಸಿತ್ತು.

ನಿಧಾನವೇ ಇದರ ಬಲ. ಒಂದು ಮಾತು ಮುಗಿದು ಇನ್ನೊಂದು ಆರಂಭವಾಗುವ ನಡುವಣ ಖಾಲಿ ಜಾಗವನ್ನು ಗಮನಿಸಿ. ಹಬ್ಬದ ಗದ್ದಲದಲ್ಲಿ ಒಂಟಿಯಾದ ಹುಡುಗನ ಮನಸ್ಸು ಇರುವುದು ಅಲ್ಲಿ. ಕೊನೆಯ ಭಾಗದಲ್ಲಿ ಲೈನಸ್ ಎಂಬ ಹುಡುಗ ವೇದಿಕೆಯ ನಡುವೆ ಒಂಟಿ ಬೆಳಕಿನಲ್ಲಿ ನಿಂತು ಬೈಬಲಿನ ಲೂಕನ ಸುವಾರ್ತೆಯ ಸಾಲುಗಳನ್ನು ಹೇಳುತ್ತಾನೆ. ಸದಾ ಕೈಯಲ್ಲಿ ಹಿಡಿದಿರುವ ಹೊದಿಕೆಯನ್ನು ಬಿಟ್ಟು ಇರಲಾರದವನು ಅವನು. ದೇವದೂತ ಕುರುಬರಿಗೆ ‘ಭಯಪಡಬೇಡಿರಿ’ ಎಂದು ಹೇಳುವ ಸಾಲು ಬಂದಾಗ ಅವನ ಕೈಯಿಂದ ಆ ಹೊದಿಕೆ ಜಾರಿಬೀಳುತ್ತದೆ. ಯಾವ ಸಂಗೀತವೂ ಅದನ್ನು ಎತ್ತಿ ತೋರಿಸುವುದಿಲ್ಲ, ಯಾವ ಪಾತ್ರವೂ ಅದರ ಬಗ್ಗೆ ಮಾತನಾಡುವುದಿಲ್ಲ. ಮೊದಲ ಬಾರಿ ಬಹುತೇಕರಿಗೆ ಇದು ಕಾಣಿಸುವುದೇ ಇಲ್ಲ. ಪಕ್ಕದಲ್ಲಿ ಕುಳಿತವರಿಗೆ ಮೊದಲೇ ಹೇಳಿಬಿಡಬೇಡಿ, ಅವರೇ ಕಾಣಲಿ.

ಪುಸ್ತಕದಿಂದ ತೆರೆಗೆ

ರೂಪಾಂತರಗಳನ್ನು ನೋಡುವಾಗ ಓದುಗರು ಮಾಡುವ ತಪ್ಪೆಂದರೆ ಬಿಟ್ಟುಹೋದದ್ದರ ಪಟ್ಟಿ ಹಿಡಿದು ಕೂರುವುದು. ಕನ್ನಡದವರಿಗೆ ಈ ತಪ್ಪಿನಿಂದ ಬಿಡಿಸಿಕೊಳ್ಳುವುದು ಸುಲಭವಾಗಬೇಕು. ರನ್ನ ಇಡೀ ಭಾರತವನ್ನು ಹೇಳಹೊರಟಾಗ ಕೊನೆಯ ಗದಾಯುದ್ಧವನ್ನು ಹಿಡಿದುಕೊಂಡು, ಮಿಕ್ಕಿದ್ದನ್ನೆಲ್ಲ ಸಿಂಹಾವಲೋಕನದಲ್ಲಿ ತಂದ. ವ್ಯಾಸಭಾರತದ ಎಷ್ಟು ಪರ್ವಗಳು ಅವನಲ್ಲಿಲ್ಲ ಎಂದು ನಾವು ಎಣಿಸುವುದಿಲ್ಲ; ಭೀಮ-ದುರ್ಯೋಧನರನ್ನು ಹೇಗೆ ನಿಲ್ಲಿಸಿದ ಎಂದು ನೋಡುತ್ತೇವೆ. ಅದೇ ಕಣ್ಣನ್ನು ಇಲ್ಲಿಗೂ ತರಬೇಕು.

ಅಭ್ಯಾಸಕ್ಕೆ ‘ಹೌ ದ ಗ್ರಿಂಚ್ ಸ್ಟೋಲ್ ಕ್ರಿಸ್‌ಮಸ್’ ಸಾಕು. ಮಕ್ಕಳ ಲೇಖಕ ಡಾ. ಸೂಸ್ ಅವರ 1957ರ ಪುಸ್ತಕ ಕಪ್ಪು-ಬಿಳುಪಿನ ನಡುವೆ ಕೆಂಪು ಮಾತ್ರ ಇರುವಂಥದ್ದು. 1966ರಲ್ಲಿ ನಿರ್ದೇಶಕ ಚಕ್ ಜೋನ್ಸ್ ಅದನ್ನು 26 ನಿಮಿಷಗಳ ಚಿತ್ರವಾಗಿಸಿದಾಗ ಗ್ರಿಂಚ್‌ಗೆ ಹಸಿರು ಮೈ ಬಂತು, ನಾಯಿ ಮ್ಯಾಕ್ಸ್‌ನ ಪಾತ್ರ ಬೆಳೆಯಿತು, ಕಥೆ ಹೇಳಲು ನಟ ಬೋರಿಸ್ ಕಾರ್ಲಾಫ್ ಬಂದರು. ದುಷ್ಟ ಯೋಚನೆ ಹೊಳೆದಾಗ ಗ್ರಿಂಚ್‌ನ ಮುಖದ ಮೇಲೆ ನಗು ನಿಧಾನವಾಗಿ ಹರಡುವ ದೃಶ್ಯವನ್ನು ಪುಸ್ತಕದ ಪುಟದ ಪಕ್ಕದಲ್ಲಿಟ್ಟು ನೋಡಿ. ಪುಟದಲ್ಲಿ ಒಂದೇ ಚಿತ್ರವಾಗಿ ನಿಂತದ್ದು ತೆರೆಯ ಮೇಲೆ ಕಾಲವನ್ನು ಪಡೆದುಕೊಳ್ಳುವುದು ಹೇಗೆಂದು ಅರ್ಥವಾಗುತ್ತದೆ.

ಇದಕ್ಕಿಂತ ದೊಡ್ಡ ಸವಾಲು ಟೋಲ್ಕಿನ್ ಅವರ 1937ರ ಕಾದಂಬರಿ ‘ದ ಹಾಬಿಟ್’. ರ‍್ಯಾಂಕಿನ್ ಮತ್ತು ಬಾಸ್ 1977ರ ನವೆಂಬರ್‌ನಲ್ಲಿ ಅದನ್ನು ಸುಮಾರು 77 ನಿಮಿಷಗಳ ಟಿವಿ ಚಿತ್ರವಾಗಿ ತಂದರು. ಚಿತ್ರಕಥೆ ರುಡಾಲ್ಫ್ ಬರೆದ ಅದೇ ಮುಲ್ಲರ್ ಅವರದು. ಕರಡಿಯಾಗಿ ಮಾರ್ಪಡುವ ಬಿಯಾರ್ನ್ ಇದರಲ್ಲಿಲ್ಲ, ಕುಳ್ಳರ ಅರಸನನ್ನು ಮೋಹಕ್ಕೆ ಕೆಡವುವ ಆರ್ಕೆನ್‌ಸ್ಟೋನ್ ಮಣಿಯೂ ಇಲ್ಲ. ಕೊನೆಯ ಯುದ್ಧ ಅವಸರದಲ್ಲಿ ಮುಗಿದುಹೋಗುತ್ತದೆ. ಆ ಮಣಿಯಿಲ್ಲದೆ ಅರಸನ ಹಟಕ್ಕೆ ಬೇರು ಸಾಲದಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಉಳಿಸಿಕೊಂಡದ್ದೇನು? ಟೋಲ್ಕಿನ್ ತಮ್ಮ ಕಥೆಯ ತುಂಬ ಪದ್ಯಗಳನ್ನು ಹೆಣೆದಿದ್ದರು. ರೂಪಾಂತರಕಾರರು ಸಾಮಾನ್ಯವಾಗಿ ಮೊದಲು ಕೈಬಿಡುವುದು ಇಂತಹ ಪದ್ಯಗಳನ್ನೇ. ಇಲ್ಲಿ ಮೌರಿ ಲಾಸ್ ಅವಕ್ಕೆ ರಾಗ ಕೊಟ್ಟಿದ್ದಾರೆ. ರಾತ್ರಿ ಕಥಾನಾಯಕ ಬಿಲ್ಬೋನ ಮನೆಯಲ್ಲಿ ಕುಳ್ಳರು ತಮ್ಮ ಕಳೆದುಹೋದ ಬೆಟ್ಟದ ಹಾಡನ್ನು ತಗ್ಗಿದ ದನಿಯಲ್ಲಿ ಹಾಡುವಾಗ, ಮನೆ ಬಿಟ್ಟು ಕದಲದವನ ಎದೆಯಲ್ಲಿ ಹೊರಡುವ ಆಸೆ ಹುಟ್ಟುವುದು ನಂಬಿಕೆಗೆ ಒಗ್ಗುತ್ತದೆ. ಹಿನ್ನೆಲೆಯ ಚಿತ್ರಗಳನ್ನೂ ಬಿಡದೆ ನೋಡಿ. ಇಂಗ್ಲೆಂಡಿನ ಹಳೆಯ ಪುಸ್ತಕ ಚಿತ್ರಕಾರ ಆರ್ಥರ್ ರ‍್ಯಾಕಮ್ ಅವರ ಗಂಟುಗಂಟಾದ ಮರಗಳ, ಮಾಸಿದ ಕಂದುಬಣ್ಣದ ಜಾಡು ಅವುಗಳಲ್ಲಿದೆ. ಪಾತ್ರಗಳ ಚಲನೆ ಬಡವಾದ ಕಡೆಯೂ ಕಾಡು ಶ್ರೀಮಂತವಾಗಿದೆ. ನೋಡುತ್ತ ಬೇಕಾದಲ್ಲಿ ನಿಲ್ಲಿಸಿ, ಒಂದೊಂದು ಹಿನ್ನೆಲೆಯನ್ನು ಚಿತ್ರಪಟದಂತೆ ನೋಡುವುದು ಇಲ್ಲಿ ತಪ್ಪಲ್ಲ.

ಇದನ್ನು ಚಿತ್ರಿಸಿದ್ದು ಟೋಕಿಯೊದ ಟಾಪ್‌ಕ್ರಾಫ್ಟ್ ಎಂಬ ಸ್ಟುಡಿಯೊ. 1984ರಲ್ಲಿ ಜಪಾನಿನ ನಿರ್ದೇಶಕ ಹಯಾವೊ ಮಿಯಾಝಾಕಿ ಅವರ ‘ನೌಸಿಕಾ’ ತಯಾರಾದದ್ದೂ ಅಲ್ಲಿಯೇ. ಮರುವರ್ಷ ಹುಟ್ಟಿದ ಸ್ಟುಡಿಯೊ ಘಿಬ್ಲಿಗೆ ಅಲ್ಲಿನ ಹಲವರು ಹೋದರು. ಘಿಬ್ಲಿಯ ಚಿತ್ರಗಳನ್ನು ಪ್ರೀತಿಸುವ ಕಿರಿಯರನ್ನು ಈ ಹಳೆಯ ಚಿತ್ರಗಳತ್ತ ಕರೆತರಲು ಈ ನಂಟು ಒಳ್ಳೆಯ ಬಾಗಿಲು.

ಟಾಪ್‌ಕ್ರಾಫ್ಟ್‌ನಲ್ಲಿಯೇ ರ‍್ಯಾಂಕಿನ್-ಬಾಸ್ ಮಾಡಿಸಿದ 1982ರ ‘ದ ಲಾಸ್ಟ್ ಯೂನಿಕಾರ್ನ್’ ಅವರ ಕೆಲಸಗಳಲ್ಲಿ ಅತ್ಯಂತ ಆಳವಾದದ್ದೆಂದು ನನ್ನ ಎಣಿಕೆ. ಪೀಟರ್ ಬೀಗಲ್ ತಮ್ಮ 1968ರ ಕಾದಂಬರಿಗೆ ತಾವೇ ಚಿತ್ರಕಥೆ ಬರೆದರು. ಹಾಗಾಗಿ ಕತ್ತರಿ ಹಿಡಿದ ಕೈಯೂ ಲೇಖನಿ ಹಿಡಿದ ಕೈಯೂ ಒಂದೇ. ರಾಜ ಹ್ಯಾಗರ್ಡ್‌ನ ಕೋಟೆಯ ಬಳಿಯ ಶಾಪಗ್ರಸ್ತ ಊರು ಹ್ಯಾಗ್ಸ್‌ಗೇಟ್‌ನ ಕಥೆಯನ್ನು ಅವರು ಪೂರ್ತಿ ಕೈಬಿಟ್ಟರು. ಆದರೆ ಸಂಭಾಷಣೆಗಳನ್ನು, ಅದರಲ್ಲೂ ಅವುಗಳ ದುಃಖವನ್ನು, ಮಕ್ಕಳಿಗೆಂದು ತೆಳುವಾಗಿಸಲಿಲ್ಲ. ತನ್ನ ಕುಲದಲ್ಲಿ ತಾನೊಬ್ಬಳೇ ಉಳಿದೆನೇ ಎಂದು ತಿಳಿಯಲು ಯೂನಿಕಾರ್ನ್, ಅಂದರೆ ಹಣೆಯಲ್ಲಿ ಒಂಟಿ ಕೊಂಬಿರುವ ಕಲ್ಪನೆಯ ಕುದುರೆ, ಕಾಡು ಬಿಟ್ಟು ಹೊರಡುತ್ತಾಳೆ. ದಾರಿಯಲ್ಲಿ ಜನ ಅವಳನ್ನು ಬರಿಯ ಬಿಳಿ ಕುದುರೆಯೆಂದು ನೋಡುತ್ತಾರೆ. ಮಾಟಗಾತಿಯೊಬ್ಬಳ ಸಂಚಾರಿ ಪ್ರದರ್ಶನದಲ್ಲಿ ಮುದಿ ಸಿಂಹಕ್ಕೆ ಮಾಯೆ ಕವಿಸಿ ಅದ್ಭುತ ಮೃಗವೆಂದು ತೋರಿಸುತ್ತಾರೆ. ನಿಜವಾದ ಯೂನಿಕಾರ್ನ್ ಜನರ ಕಣ್ಣಿಗೆ ಕಾಣಬೇಕಾದರೆ ಅವಳಿಗೂ ಒಂದು ಸುಳ್ಳು ಕೊಂಬನ್ನು ಕೂಡಿಸಬೇಕಾಗುತ್ತದೆ. ಈ ಭಾಗವನ್ನು ಎರಡು ಬಾರಿ ನೋಡಲೇಬೇಕು.

ಆಮೇಲೆ ಮಾಲಿ ಗ್ರೂ ಬರುತ್ತಾಳೆ. ಕಳ್ಳರ ಗುಂಪಿಗೆ ಅಡುಗೆ ಮಾಡುತ್ತ ಹರೆಯ ಕಳೆದುಕೊಂಡ ಹೆಂಗಸು. ಯೂನಿಕಾರ್ನ್‌ಳನ್ನು ಕಂಡ ಗಳಿಗೆಯಲ್ಲಿ ಅವಳು ಕೈಮುಗಿಯುವುದಿಲ್ಲ, ಸಿಟ್ಟಾಗುತ್ತಾಳೆ. ನಾನು ಎಳೆಯವಳಾಗಿದ್ದಾಗ ಬಾರದೆ ಈಗೇಕೆ ಬಂದೆ ಎಂದು ಅಳುತ್ತ ಕೇಳುತ್ತಾಳೆ. ಮಕ್ಕಳಿಗೆ ಈ ದೃಶ್ಯ ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಲವತ್ತು ದಾಟಿದವರು ಇದನ್ನು ನೋಡಿ ಸುಮ್ಮನೆ ಕುಳಿತುಬಿಡುತ್ತಾರೆ. ಕಾದಂಬರಿ ಓದಿದವರು ಈ ಒಂದು ಭೇಟಿಯನ್ನಾದರೂ ಪುಸ್ತಕದಲ್ಲಿ ಮತ್ತೆ ಓದಿ, ತೆರೆಯ ಮೇಲೆ ಮತ್ತೆ ನೋಡಿ, ಮಾಲಿಯಾಗಿ ಮಾತನಾಡಿದ ಟ್ಯಾಮಿ ಗ್ರೈಮ್ಸ್ ಅವರ ದನಿ ಎಲ್ಲಿ ಒಡೆಯುತ್ತದೆಂದು ಗುರುತಿಸಬೇಕು. ರೂಪಾಂತರದ ಬೆಲೆ ಕಟ್ಟಲು ನನಗೆ ಗೊತ್ತಿರುವ ಅತ್ಯಂತ ನೇರವಾದ ವಿಧಾನ ಇದು.

ಪ್ರತಿಗಳ ಬಗ್ಗೆ, ಕ್ರಮದ ಬಗ್ಗೆ

ಟಿವಿಯಲ್ಲಿ ವರ್ಷಗಟ್ಟಲೆ ಬಂದ ಪ್ರತಿಗಳಲ್ಲಿ ಕತ್ತರಿ ಆಡಿದೆ. ರುಡಾಲ್ಫ್‌ನಲ್ಲಿ ಒಂದು ಹಾಡನ್ನು ತೆಗೆದು ಬೇರೊಂದನ್ನು ಹಾಕಿದ ಪ್ರತಿಯೂ ಇದೆ. ಚಾರ್ಲಿ ಬ್ರೌನ್‌ನಲ್ಲಿ ಪ್ರಾಯೋಜಕರಾದ ಕೋಕಾ-ಕೋಲಾ ಹೆಸರು ಬರುತ್ತಿದ್ದ ಭಾಗಗಳನ್ನು ಮುಂದೆ ತೆಗೆದುಹಾಕಲಾಯಿತು. ಆದ್ದರಿಂದ ಅಂತರ್ಜಾಲದಲ್ಲಿ ಸಿಕ್ಕ ಮಸುಕಾದ ಪ್ರತಿಗಿಂತ, ಅಧಿಕೃತವಾಗಿ ಸರಿಪಡಿಸಿ ಹೊರತಂದ ಪ್ರತಿಯನ್ನು ಹುಡುಕುವುದು ಮೇಲು. ಹಿನ್ನೆಲೆಯ ಬಣ್ಣ, ಗೊಂಬೆಯ ಬಟ್ಟೆಯ ನೇಯ್ಗೆ ಇವೆಲ್ಲ ಕಾಣದಿದ್ದರೆ ಮೇಲೆ ಹೇಳಿದ ಯಾವುದನ್ನೂ ನೋಡಲಾಗುವುದಿಲ್ಲ. ಇಂಗ್ಲಿಷ್ ಬಾರದ ಹಿರಿಯರು ಜೊತೆಗಿದ್ದರೆ ನಡುನಡುವೆ ಅನುವಾದಿಸುತ್ತ ಹೋಗಬೇಡಿ, ಮೊದಲೇ ಕಥೆ ಹೇಳಿಬಿಡಿ. ಕಥೆ ಗೊತ್ತಿದ್ದೇ ರಾತ್ರಿಯಿಡೀ ಯಕ್ಷಗಾನ ನೋಡುವವರು ನಾವು. ಕಥೆ ತಿಳಿದಿದ್ದರೆ ಇಲ್ಲಿಯೂ ರಸಕ್ಕೆ ಭಂಗವಿಲ್ಲ.

ಕ್ರಮ ಹೀಗಿರಲಿ. ಮಕ್ಕಳಿದ್ದರೆ ರುಡಾಲ್ಫ್ ಮೊದಲು, ಗ್ರಿಂಚ್ ಆಮೇಲೆ. ಚಾರ್ಲಿ ಬ್ರೌನ್ ಚಿತ್ರವನ್ನು ಮನೆ ಶಾಂತವಾಗಿರುವ ಸಂಜೆಗೆ ಇಟ್ಟುಕೊಳ್ಳಿ. ‘ದ ಹಾಬಿಟ್’ ನೋಡುವ ಮುನ್ನ ಕಾದಂಬರಿಯ ಮೊದಲ ಅಧ್ಯಾಯವನ್ನಾದರೂ ಓದಿ. ಯೂನಿಕಾರ್ನ್ ಚಿತ್ರದಲ್ಲಿ ರೆಕ್ಕೆಯ ರಾಕ್ಷಸಿ ಹಾರ್ಪಿಯೂ ಬೆಂಕಿಯ ಕೆಂಪು ಗೂಳಿಯೂ ಎಳೆಯ ಮಕ್ಕಳನ್ನು ನಿಜಕ್ಕೂ ಹೆದರಿಸುತ್ತವೆ, ಆದ್ದರಿಂದ ಎಂಟು-ಒಂಬತ್ತು ವರ್ಷವಾಗುವವರೆಗೆ ಕಾಯಿರಿ.

ಎಲ್ಲ ಮುಗಿದ ಮೇಲೆ, ವರ್ಷದ ಕೊನೆಯ ದಿನಗಳಲ್ಲಿ, ಬ್ರಿಟನ್ನಿನ ಚಾನೆಲ್ 4ರಲ್ಲಿ 1982ರ ಡಿಸೆಂಬರ್ 26ರಂದು ಮೊದಲು ಬಂದ ‘ದ ಸ್ನೋಮ್ಯಾನ್’ ನೋಡಿ. ರೇಮಂಡ್ ಬ್ರಿಗ್ಸ್ ಅವರ 1978ರ ಪುಸ್ತಕದಲ್ಲಿ ಒಂದು ಮಾತೂ ಇಲ್ಲ, ಕ್ರಿಸ್‌ಮಸ್ ಕೂಡ ಇಲ್ಲ. ಹುಡುಗ ಹಿಮದ ಮನುಷ್ಯನನ್ನು ಮಾಡುತ್ತಾನೆ, ಬೆಳಗಾಗುವಾಗ ಅವನು ಕರಗಿಹೋಗಿರುತ್ತಾನೆ. ಚಿತ್ರ ಸಾಂಟಾನ ಭೇಟಿಯನ್ನೂ ಅವನು ಕೊಡುವ ಒಂದು ಸ್ಕಾರ್ಫನ್ನೂ ಸೇರಿಸಿತು. ಬೆಳಿಗ್ಗೆ ಕರಗಿದ ಹಿಮದ ಮುಂದೆ ನಿಂತ ಹುಡುಗ ಜೇಬಿಗೆ ಕೈಹಾಕಿದಾಗ ಆ ಸ್ಕಾರ್ಫ್ ಸಿಗುತ್ತದೆ. ಈ ಸೇರ್ಪಡೆ ಪುಸ್ತಕದ ದುಃಖವನ್ನು ಹಗುರ ಮಾಡಿತೋ, ಇನ್ನಷ್ಟು ಭಾರ ಮಾಡಿತೋ ಎಂದು ಜೊತೆಗೆ ನೋಡಿದವರನ್ನು ಕೇಳಿ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಬೇರೆ ಬೇರೆ ಉತ್ತರ ಬರುತ್ತದೆ.